ಭರ್ತಿ ಮುಗಿದ ಮೇಲೂ ಓಡಿ



ಮುಂಜಾನೆ ಐದು ಗಂಟೆಗೆ ಮುಂಡರಗಿಯಿಂದ ಡಂಬಳದ ಕಡೆಗೆ ಬರುವ ರಸ್ತೆಯಲ್ಲಿ, ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಹೋಗುವ ದಾರಿಯಲ್ಲಿ, ಗದುಗಿನ ಕೆ.ಎಚ್. ಪಾಟೀಲ ಕ್ರೀಡಾಂಗಣದಲ್ಲಿ ಒಂದು ದಿನ ಸುಮ್ಮನೆ ನಿಂತು ನೋಡಿ. ಮಬ್ಬುಗತ್ತಲಲ್ಲಿ ನಾಲ್ಕೈದು ಹುಡುಗರ ಒಂದು ಗುಂಪು, ಅದರ ಹಿಂದೆ ಇನ್ನೊಂದು ಗುಂಪು. ಒಬ್ಬನ ಕೈಯಲ್ಲಿ ಮೊಬೈಲು. ಟಾರ್ಚೂ ಅದೇ, ಗಡಿಯಾರವೂ ಅದೇ. ಒಬ್ಬನಿಗೆ ಒಳ್ಳೆಯ ಬೂಟು, ಇನ್ನೊಬ್ಬನಿಗೆ ಅಣ್ಣ ತೊಟ್ಟು ಬಿಟ್ಟ ಕ್ಯಾನ್ವಾಸು, ಮೂರನೆಯವ ಬರಿಗಾಲಲ್ಲಿ. ಹಾಲಿನ ಕ್ಯಾನು ಕಟ್ಟಿಕೊಂಡ ಬೈಕಿನವರು ಹಾರ್ನು ಹೊಡೆಯದೆ ಪಕ್ಕಕ್ಕೆ ಸರಿದು ಹೋಗುತ್ತಾರೆ. ಈ ಹುಡುಗರು ಯಾಕೆ ಓಡುತ್ತಿದ್ದಾರೆ ಎಂದು ನಮ್ಮ ಭಾಗದಲ್ಲಿ ಯಾರೂ ಕೇಳುವುದಿಲ್ಲ. ಎಲ್ಲರಿಗೂ ಗೊತ್ತು: ಭರ್ತಿ. ಮಿಲಿಟರಿ ಭರ್ತಿ, ಇಲ್ಲವೇ ಪೊಲೀಸ್ ಭರ್ತಿ.

ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದ ಹುಡುಗ 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಿ ಮುಗಿಸಬೇಕು. ಅಂದರೆ 400 ಮೀಟರಿನ ಮೈದಾನದಲ್ಲಿ ನಾಲ್ಕು ಸುತ್ತು, ಒಂದೊಂದಕ್ಕೆ ತೊಂಬತ್ತೇಳೂವರೆ ಸೆಕೆಂಡು. ಸೈನ್ಯದ ಭರ್ತಿಯಲ್ಲಿ ಅಷ್ಟೇ ದೂರವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವನಿಗೆ ಮಾತ್ರ ಓಟದ ಪೂರ್ತಿ ಅಂಕ. ಒಕ್ಕಲುತನದ ಮನೆಯ, ನೇಕಾರರ ಮನೆಯ, ಹಮಾಲರ ಮನೆಯ ಮಗನೊಬ್ಬನ ಇಡೀ ಬದುಕು ಆ ಒಂದು ನಿಮಿಷ ಅತ್ತಿತ್ತಲಾಗುವುದರ ಮೇಲೆ ನಿಂತಿರುತ್ತದೆ. ಹೈಸ್ಕೂಲಿನ ಪಿ.ಟಿ. ಮಾಸ್ತರನಾಗಿ ಈ ತಾಲೂಕುಗಳಲ್ಲಿ ಆಯುಷ್ಯ ಕಳೆದ ನನಗೆ ಆ ಓಟದ ಬಗ್ಗೆ ದೊಡ್ಡ ಗೌರವವಿದೆ. ಆದರೆ ಇವತ್ತು ನಾನು ಹೇಳಬೇಕೆಂದಿರುವುದು ಆ ಆರೂವರೆ ನಿಮಿಷ ಮುಗಿದ ಮೇಲಿನ ಮಾತು. ಭರ್ತಿಯ ಫಲಿತಾಂಶ ಬಂದ ಮರುದಿನ ಮೈದಾನ ಖಾಲಿಯಾಗುತ್ತದೆ. ಆಯ್ಕೆಯಾದವರು ತರಬೇತಿಗೆ ಹೋಗುತ್ತಾರೆ. ಆಗದವರು ಬೂಟನ್ನು ಅಟ್ಟಕ್ಕೆ ಎಸೆಯುತ್ತಾರೆ. ಈ ಎರಡನೆಯದು ನನ್ನ ಮನಸ್ಸನ್ನು ಬಹಳ ಕಾಡಿದೆ.

ದೂರ ಓಡುವುದು ನಮ್ಮ ಭಾಗಕ್ಕೆ ಹೊಸದಲ್ಲ. ರಸ್ತೆ, ರೈಲು ಬರುವ ಮೊದಲು ಟಪಾಲಿನ ಚೀಲ ಹೊತ್ತು ಓಡುತ್ತಿದ್ದವರಿದ್ದರು. ಕೈಯಲ್ಲಿ ಗೆಜ್ಜೆ ಕಟ್ಟಿದ ಭರ್ಚಿ, ಒಂದು ಠಾಣೆಯಿಂದ ಇನ್ನೊಂದು ಠಾಣೆಗೆ. ಅವರ ಹೆಸರುಗಳು ಉಳಿದಿಲ್ಲ. ಹೆಸರು ಉಳಿದ ಒಬ್ಬರಿದ್ದಾರೆ, ನಮ್ಮ ಮಕ್ಕಳಿಗೆ ಅವರ ಪರಿಚಯವಿಲ್ಲ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. 1920ರಲ್ಲಿ ಬೆಲ್ಜಿಯಂ ದೇಶದ ಆ್ಯಂಟ್ವರ್ಪ್ ಊರಿನಲ್ಲಿ ಒಲಿಂಪಿಕ್ಸ್ ನಡೆಯಿತು. ಭಾರತ ತನ್ನದೊಂದು ತಂಡ ಕಟ್ಟಿ ಕಳಿಸಿದ್ದು ಅದೇ ಮೊದಲು. ಅದರ ಹಿಂದಿನ ವರ್ಷ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟದಲ್ಲಿ ರೈತಾಪಿ ಮನೆತನದ ಹುಡುಗರು ಬರಿಗಾಲಲ್ಲಿ, ಯಾವ ಶಾಸ್ತ್ರೀಯ ತರಬೇತಿಯೂ ಇಲ್ಲದೆ ಓಡುವುದನ್ನು ಉದ್ಯಮಿ ದೊರಾಬ್ಜಿ ಟಾಟಾ ಕಂಡರು. ಇವರ ವೇಗ ಯುರೋಪಿನವರ ವೇಗಕ್ಕಿಂತ ಬಹಳ ಹಿಂದಿಲ್ಲ ಎನ್ನಿಸಿ, ಕೈಯಿಂದ ಹಣ ಹಾಕಿ ತಂಡ ಕಳಿಸಲು ಮುಂದಾದರು. ಆಗ ಬೆಳಗಾವಿಯೂ ಗದುಗೂ ಮುಂಬಯಿ ಪ್ರಾಂತದಲ್ಲೇ ಇದ್ದವು.

ಆ ವರ್ಷದ ಮ್ಯಾರಥಾನ್ ಈಗಿನ 42.195 ಕಿಲೋಮೀಟರಿನದಲ್ಲ, 42.75 ಕಿಲೋಮೀಟರಿನದು. ಒಲಿಂಪಿಕ್ಸ್ ಚರಿತ್ರೆಯಲ್ಲೇ ಎಲ್ಲಕ್ಕಿಂತ ಉದ್ದದ್ದು. ಚೌಗುಲೆ ಅದನ್ನು 2 ತಾಸು 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾಗಿ ಬಂದರು. ನಮ್ಮ ಹುಡುಗರಿಗೆ ನಾನು ಮೈದಾನದ ಮಣ್ಣಿನಲ್ಲಿ ಕಡ್ಡಿಯಿಂದ ಈ ಲೆಕ್ಕ ಬರೆದು ತೋರಿಸುತ್ತೇನೆ. ಪೊಲೀಸ್ ಪರೀಕ್ಷೆಯ ವೇಗ ಕಿಲೋಮೀಟರಿಗೆ ನಾಲ್ಕು ನಿಮಿಷ ನಾಲ್ಕು ಸೆಕೆಂಡು. ಚೌಗುಲೆಯವರ ವೇಗ ಕಿಲೋಮೀಟರಿಗೆ ಹೆಚ್ಚುಕಡಿಮೆ ನಾಲ್ಕು ನಿಮಿಷ. ನೀವು ನಾಲ್ಕು ಸುತ್ತು ಹಿಡಿದಿಡಲು ಒದ್ದಾಡುವ ವೇಗವನ್ನು, ಅದಕ್ಕಿಂತ ಒಂದು ಕೂದಲೆಳೆ ಹೆಚ್ಚಾಗಿಯೇ, ಬೆಳಗಾವಿಯ ಆ ಮನುಷ್ಯ ನೂರು ವರ್ಷಕ್ಕೂ ಹಿಂದೆ ನೂರಾರು ಸುತ್ತು ಹಿಡಿದಿಟ್ಟ ಎಂದು ಹೇಳಿದಾಗ ಹುಡುಗರು ಮಾತು ನಿಲ್ಲಿಸಿ ಆ ಅಂಕಿಯನ್ನೇ ನೋಡುತ್ತಾರೆ. ನೂರಾರು ಎಂದರೆ ಅತಿಶಯ ಅಲ್ಲ, ಎಣಿಸಿ ನೋಡಿ: ನೂರಾ ಆರು ಸುತ್ತಿಗಿಂತ ಹೆಚ್ಚು.

ಹಾಗಾದರೆ ಅಷ್ಟು ಹೊತ್ತು ಹಿಡಿದಿಡುವ ಶಕ್ತಿ ಎಲ್ಲಿಂದ ಬರುತ್ತದೆ? ಹಲ್ಲು ಕಚ್ಚಿ ಓಡುವುದರಿಂದ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ನಿಧಾನ ಓಡುವುದರಿಂದ ಬರುತ್ತದೆ.

ಇದನ್ನು ಗದುಗಿನವರಿಗೆ ತಿಳಿಸಿ ಹೇಳುವುದು ಸುಲಭ, ಯಾಕೆಂದರೆ ನಮ್ಮದು ಸಂಗೀತದ ಊರು. ಪಂಚಾಕ್ಷರ ಗವಾಯಿಗಳ, ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮ ಇಲ್ಲಿದೆ; ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ್ದು ಈ ಸೀಮೆಯಲ್ಲಿ. ಹಿಂದೂಸ್ತಾನಿ ಸಂಗೀತ ಕಲಿಯುವವರು ನಸುಕಿನಲ್ಲೆದ್ದು ಖರ್ಜ ಸಾಧನೆ ಮಾಡುತ್ತಾರೆ. ಕೆಳಗಿನ ಸಪ್ತಕದಲ್ಲಿ ಒಂದೊಂದೇ ಸ್ವರ ಹಿಡಿದು, ಉಸಿರು ಮುಗಿಯುವ ತನಕ ಅಲ್ಲೇ ನಿಲ್ಲುವುದು. ತಾನ ಇಲ್ಲ, ಸರಗಮ್ ಇಲ್ಲ, ಕೇಳಿ ಭಲೆ ಅನ್ನುವವರೂ ಇಲ್ಲ. ಮುಂದೆ ತಾರಕದಲ್ಲಿ ದನಿ ಬಿರಿಯದೆ ನಿಲ್ಲುವುದು ಈ ಕೆಳಗಿನ ದುಡಿಮೆಯಿಂದ. ದಿನದ ನಿಧಾನ ಓಟವೂ ಹೀಗೆಯೇ. ಜೊತೆಗಾರನ ಸಂಗಡ ಮಾತಾಡುತ್ತಾ ಓಡಲು ಬರಬೇಕು, ಮಾತು ಮಧ್ಯೆ ಮಧ್ಯೆ ಕಡಿಯುತ್ತಿದ್ದರೆ ವೇಗ ಇಳಿಸಬೇಕು. ಇಷ್ಟೇ ನಿಯಮ.

ಆ ನಿಧಾನದಲ್ಲಿ ಒಳಗೆ ನಡೆಯುವ ಕೆಲಸ ಸಣ್ಣದಲ್ಲ. ಹೃದಯ ಒಂದು ಬಡಿತಕ್ಕೆ ಮೊದಲಿಗಿಂತ ಹೆಚ್ಚು ರಕ್ತ ನೂಕಲು ಕಲಿಯುತ್ತದೆ. ಅದರಿಂದ ಕುಂತಾಗ, ಮಲಗಿದಾಗ ಬಡಿತ ಕಡಿಮೆಯಾಗುತ್ತದೆ. ಸ್ನಾಯುವಿನೊಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳು ಹೊಸದಾಗಿ ಕವಲೊಡೆಯುತ್ತವೆ. ಮೈಯಲ್ಲಿನ ಕೊಬ್ಬನ್ನು ಉರಿಸಿ ಶಕ್ತಿ ತೆಗೆಯುವ ರೂಢಿ ಬೀಳುತ್ತದೆ. ಇದರಲ್ಲಿ ಒಂದು ತೊಡಕಿದೆ, ಅದನ್ನು ಪ್ರತಿಯೊಬ್ಬ ಭರ್ತಿಯ ಹುಡುಗನಿಗೆ ಕೈ ಹಿಡಿದು ಹೇಳಬೇಕು. ಉಸಿರು ಮತ್ತು ಸ್ನಾಯು ಕೆಲವು ವಾರಗಳಲ್ಲಿ ಬಲಿಯುತ್ತವೆ. ಆದರೆ ಎಲುಬು, ಸ್ನಾಯುವನ್ನು ಎಲುಬಿಗೆ ಬಿಗಿದಿರುವ ನಾರು, ಇವು ತಿಂಗಳುಗಟ್ಟಲೆ ಸಮಯ ಬೇಡುತ್ತವೆ. ಅರ್ಜಿ ಕರೆದ ಮೇಲೆ ಓಡಲು ಶುರು ಮಾಡುವ ಹುಡುಗನಿಗೆ ಆರನೆಯ ವಾರಕ್ಕೆ ಉಸಿರು ಸಾಲುತ್ತದೆ, ಹುರುಪು ಬರುತ್ತದೆ, ಹೆಚ್ಚು ಓಡುತ್ತಾನೆ. ಕಣಕಾಲಿನ ಎಲುಬು ಇನ್ನೂ ತಯಾರಾಗಿರುವುದಿಲ್ಲ. ನೋವು ಶುರುವಾಗುತ್ತದೆ. ಸುಣ್ಣ ಅರಿಷಿಣ ಹಚ್ಚಿಕೊಂಡು, ಬಟ್ಟೆ ಸುತ್ತಿಕೊಂಡು ಮತ್ತೆ ಓಡುತ್ತಾನೆ. ಪರೀಕ್ಷೆಯ ದಿನ ಕುಂಟುತ್ತಾ ನಿಲ್ಲುತ್ತಾನೆ. ಇಂಥವರನ್ನು ನೋಡಿ ನೋಡಿ ನನಗೆ ಸಂಕಟವಾಗಿದೆ. ಅವನಿಗೆ ಛಲ ಕಡಿಮೆ ಇರಲಿಲ್ಲ, ಛಲಕ್ಕೆ ದಿನಗಳನ್ನು ಕೊಟ್ಟಿರಲಿಲ್ಲ.

ಛಲಕ್ಕೆ ದಿನಗಳನ್ನು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಊರಿನದೇ ಸಾಕ್ಷಿ ಕ್ರಿಕೆಟ್ಟಿಗ ಸುನೀಲ ಜೋಶಿ. ಹುಡುಗನಾಗಿದ್ದಾಗ ಅವರು ಗದುಗಿನಿಂದ ಹುಬ್ಬಳ್ಳಿಗೆ, ಸುಮಾರು 60 ಕಿಲೋಮೀಟರು, ಮುಂಜಾನೆಯೇ ಹೋಗಿ ಅಭ್ಯಾಸ ಮಾಡಿ ಶಾಲೆಯ ಹೊತ್ತಿಗೆ ತಿರುಗಿ ಬರುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರಿನಲ್ಲಿ ಬರೇ 6 ರನ್ನು ಕೊಟ್ಟು 5 ವಿಕೆಟ್ ತೆಗೆದದ್ದು ಎಲ್ಲರಿಗೂ ನೆನಪಿದೆ. ಆ ಹತ್ತರಲ್ಲಿ ಆರು ಓವರು ಮೇಡನ್. ಅದೇ ಜಾಗಕ್ಕೆ, ಅದೇ ಚೆಂಡು, ಮತ್ತೆ ಮತ್ತೆ. ಹುಬ್ಬಳ್ಳಿಗೆ ಹೋಗಿ ಬಂದ ಮುಂಜಾನೆಗಳು ಇಲ್ಲದೆ ಆ ದಿನ ಬರುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ಇನ್ನು ಸಂತೋಷದ ಮಾತು. ಓಟದಲ್ಲಿ ಏನು ಸಂತೋಷ ಎಂದು ಓಡದವರು ಕೇಳುತ್ತಾರೆ. ಕೇಳುವುದು ಸಹಜ, ಯಾಕೆಂದರೆ ಮೊದಲ ಹತ್ತು ನಿಮಿಷ ಯಾರಿಗೂ ಸಂತೋಷವಿಲ್ಲ. ಮೈ ಬಿಗಿದಿರುತ್ತದೆ, ಹೊಟ್ಟೆಯ ಪಕ್ಕ ಹಿಡಿದುಕೊಳ್ಳುತ್ತದೆ, ಮನೆಗೆ ಹೋಗೋಣ ಎನ್ನಿಸುತ್ತದೆ. ಅದನ್ನು ದಾಟಿ ಅರ್ಧ ತಾಸಿನ ಹತ್ತಿರ ಬಂದಾಗ ಹೆಜ್ಜೆಗೂ ಉಸಿರಿಗೂ ಒಂದು ಹೊಂದಾಣಿಕೆ ಕೂಡಿಬರುತ್ತದೆ. ತಲೆಯೊಳಗೆ ಗಿರಗಿರ ತಿರುಗುತ್ತಿದ್ದ ಸಾಲ, ಜಗಳ, ನೌಕರಿಯ ಚಿಂತೆ ಅಲ್ಲೇ ಇದ್ದರೂ ಅವುಗಳ ಸದ್ದು ಇಳಿಯುತ್ತದೆ. ಹೀಗೆ ಹದವಾಗಿ ಓಡಿದಾಗ ಆನಂದಮೈಡ್ ಎಂಬ ರಾಸಾಯನಿಕ ರಕ್ತದಲ್ಲಿ ಹೆಚ್ಚುತ್ತದೆ, ಅದು ಮಿದುಳಿಗೂ ಸಲೀಸಾಗಿ ಮುಟ್ಟುತ್ತದೆ ಎಂದು ವಿಜ್ಞಾನಿಗಳು ತೋರಿಸಿದ್ದಾರೆ. ತೀರ ನಿಧಾನ ನಡೆದರೆ ಅದು ಅಷ್ಟು ಏರುವುದಿಲ್ಲ, ಪ್ರಾಣ ಹೋಗುವಂತೆ ಓಡಿದರೂ ಏರುವುದಿಲ್ಲ.

ಇದು ಒಳಗಿನ ಸಂತೋಷ. ಹೊರಗಿನದನ್ನು ಹೇಳಲು ಹೊರಟರೆ ನನಗೆ ಕೊಟ್ಟ ಸಮಯ ಸಾಲುವುದಿಲ್ಲ. ದಿನಾ ಓಡುವವನಿಗೆ ನೆಲ ಗೊತ್ತಾಗುತ್ತದೆ. ಗದುಗಿನ ಸುತ್ತ ಎರಿ ಭೂಮಿ. ಮಳೆ ಬಿದ್ದ ಮರುದಿನ ಎರಿ ಹೊಲದ ದಾರಿಗೆ ಕಾಲಿಟ್ಟರೆ ಹೆಜ್ಜೆ ಹೆಜ್ಜೆಗೂ ಅಂಟು ಮಣ್ಣು ಕೂಡುತ್ತಾ ಹೋಗಿ ನಾಲ್ಕು ಮಾರು ದಾಟುವುದರೊಳಗೆ ಕಾಲೆತ್ತುವುದೇ ಕಷ್ಟ. ಜಾಲಿ ಕಡ್ಡಿ ಹಿಡಿದು ಬೂಟಿನ ತಳ ಕೆರೆಯುತ್ತಾ ನಿಲ್ಲಬೇಕು. ಶಿರಹಟ್ಟಿಯ ಕಡೆ, ಕಪ್ಪತಗುಡ್ಡದ ಬುಡದಲ್ಲಿ ಮಸಾರಿ ನೆಲ. ಅದು ನೀರು ಹೀರಿಕೊಂಡು ಬೇಗ ಓಡಲು ಬಿಡುತ್ತದೆ. ಚಳಿಗಾಲದಲ್ಲಿ ಕಡಲೆ ಹೊಲದ ಬದುವಿನಲ್ಲಿ ಓಡಿದವರಿಗೆ ಇನ್ನೊಂದು ಅನುಭವ ಉಂಟು: ಎಲೆಯ ಮೇಲಿನ ಹುಳಿ ಇಬ್ಬನಿಗೆ ಬೆರೆತು ಬರಿಗಾಲಿಗೆ ತಾಗಿ ಚುರುಚುರು ಎನ್ನುತ್ತದೆ. ಮನೆಗೆ ಬಂದು ತಣ್ಣೀರಲ್ಲಿ ತೊಳೆದರೂ ಸ್ವಲ್ಪ ಹೊತ್ತು ಹೋಗುವುದಿಲ್ಲ. ಆ ಉರಿಯೂ ನನಗೆ ಸೇರುತ್ತದೆ. ಬಿಳಿಜೋಳ ತೆನೆ ಕಟ್ಟಿತೋ, ಕುಸುಬಿ ಹೂ ಬಿಟ್ಟಿತೋ, ಹಿಂಗಾರಿ ಮಳೆ ಕೈಕೊಟ್ಟಿತೋ, ಇದನ್ನೆಲ್ಲ ಓಡುವವನು ರೈತನ ಜೊತೆಜೊತೆಗೆ ತಿಳಿಯುತ್ತಾನೆ.

ಶಿರಹಟ್ಟಿ, ಲಕ್ಷ್ಮೇಶ್ವರದ ಹುಡುಗರಿಗೆ ಇನ್ನೂ ಒಂದು ಭಾಗ್ಯವಿದೆ. ಮಾಗಡಿ ಕೆರೆ. ಚಳಿಗಾಲಕ್ಕೆ ಅಲ್ಲಿಗೆ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಹೊಲಗಳಲ್ಲಿ ಉಳಿದ ಶೇಂಗಾ ಆರಿಸಿ ತಿಂದು ಅವು ಕೆರೆಗೆ ಇಳಿಯುವ ಹೊತ್ತಿಗೆ ರಸ್ತೆಯಲ್ಲಿ ಓಡುವವನ ತಲೆಯ ಮೇಲೇ ಸಾಲುಗಟ್ಟಿ ಹೋಗುತ್ತವೆ. ಈ ಹಕ್ಕಿಗಳ ಮೈಯೊಳಗೆ ಸಣ್ಣ ಯಂತ್ರ ಇಟ್ಟು ಅಭ್ಯಾಸ ಮಾಡಿದವರು 2015ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ಹಿಮಾಲಯ ದಾಟುವಾಗ ಇವು ಒಂದೇ ಸಲ ಮೇಲೇರಿ ಅಲ್ಲೇ ಉಳಿಯುವುದಿಲ್ಲ. ಬೆಟ್ಟ ಏರಿದರೆ ಏರುತ್ತವೆ, ಕಣಿವೆ ಬಂದರೆ ಕಷ್ಟಪಟ್ಟು ಗಳಿಸಿದ ಎತ್ತರವನ್ನು ಬಿಟ್ಟು ಇಳಿಯುತ್ತವೆ, ಮತ್ತೆ ಏರುತ್ತವೆ. ಕೆಳಗಿನ ದಟ್ಟ ಗಾಳಿಯಲ್ಲಿ ರೆಕ್ಕೆಗೆ ಶ್ರಮ ಕಡಿಮೆ, ಅದಕ್ಕೆ. ಓಟದ ಹುಡುಗರು ವಾರಕ್ಕೊಂದು ದಿನ ವಿಶ್ರಾಂತಿ ಪಡೆಯಲು ಹೆದರುತ್ತಾರೆ, ಗಳಿಸಿದ್ದು ಕಳೆದುಹೋಗುತ್ತದೆ ಎಂದು. ಅವರನ್ನು ಮಾಗಡಿ ಕೆರೆಯ ದಂಡೆಗೆ ಕರೆದುಕೊಂಡು ಹೋಗಿ ಈ ಸಂಗತಿ ಹೇಳಬೇಕು.

ಹೆಣ್ಣುಮಕ್ಕಳ ಮಾತು ಹೇಳದೆ ಮುಂದೆ ಹೋಗಲಾರೆ. ಪೊಲೀಸ್ ಪರೀಕ್ಷೆಯಲ್ಲಿ ಅವರಿಗೆ 400 ಮೀಟರು, 2 ನಿಮಿಷ. ಬೆಳಗಿನ ರಸ್ತೆಯಲ್ಲಿ ಒಂದು ಹುಡುಗಿ ಒಬ್ಬಳೇ ಓಡುವುದು ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಸಲೀಸಲ್ಲ. ಮುಂಡರಗಿ ತಾಲೂಕಿನ ಒಂದು ಹಳ್ಳಿಯ ಹತ್ತಿರ, ಬುತ್ತಿ ಗಂಟು ತಲೆಯ ಮೇಲಿಟ್ಟುಕೊಂಡು ಹೊಲಕ್ಕೆ ಹೊರಟ ಹಿರಿಯ ಹೆಣ್ಣುಮಗಳೊಬ್ಬಳು ಓಡಿ ಬರುತ್ತಿದ್ದ ಹುಡುಗಿಯನ್ನು ತಡೆದು ನಿಲ್ಲಿಸಿದ್ದನ್ನು ಕಣ್ಣಾರೆ ಕಂಡೆ.

"ಯಾಕವಾ, ಬಸ್ ತಪ್ಪಿತೇನ?"

"ಇಲ್ಲಬೇ ಯಮ್ಮಾ, ದಿನಾ ಓಡ್ತೀನಿ."

"ಯಾರ ಹೇಳ್ಯಾರ ಓಡಂತ?"

"ಯಾರೂ ಹೇಳಿಲ್ಲ. ನನಗ ಸೇರತೈತಿ."

ಆಕೆ ಹುಡುಗಿಯ ಮುಖ ಒಂದು ಗಳಿಗೆ ನೋಡಿದಳು. "ಹಂಗಾದ್ರ ಓಡು. ದಾರಿ ನೋಡಕೋತ ಓಡು, ಟ್ರ್ಯಾಕ್ಟರ್ ಬರತಾವು," ಎಂದು ಗಂಟು ಸರಿಮಾಡಿಕೊಂಡು ಹೋದಳು. ಒಂದು ಹಳ್ಳಿ ತನ್ನ ಮಗಳಿಗೆ ಅನುಮತಿ ಕೊಡುವ ರೀತಿ ಅದು.

ಆ ಹುಡುಗಿ ಹೇಳಿದ "ನನಗ ಸೇರತೈತಿ" ಎಂಬ ಮಾತು ಭರ್ತಿಯಲ್ಲಿ ಬಿದ್ದುಹೋದ ಹುಡುಗರಿಗೆ ಬೇಕಾಗಿದೆ. ಲಕ್ಷ್ಮೇಶ್ವರದ ಕಡೆಯ ಒಬ್ಬ ಹುಡುಗ ಸೈನ್ಯದ ಓಟದಲ್ಲಿ ಕೆಲವೇ ಸೆಕೆಂಡಿನಿಂದ ಹಿಂದುಳಿದ. ಮುಂದಿನ ಭರ್ತಿಯ ಹೊತ್ತಿಗೆ ವಯಸ್ಸು ಮೀರಿತ್ತು. ಬಹಳ ದಿನ ಮೈದಾನದ ಕಡೆ ಬರಲಿಲ್ಲ, ನನ್ನ ಎದುರು ಬಂದರೆ ದಾರಿ ಬದಲಿಸುತ್ತಿದ್ದ. ಆಮೇಲೆ ಒಂದು ಮುಂಜಾನೆ ಬಂದು ಸುಮ್ಮನೆ ಓಡತೊಡಗಿದ. ಈಗ ಕಾಳಿನ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ, ಸಂಸಾರವಾಗಿದೆ, ಓಟ ಬಿಟ್ಟಿಲ್ಲ. ಕೇಳಿದೆ: "ಯಾಕ ತಮ್ಮಾ ತಿರುಗಿ ಬಂದಿ?" ಅವ ಹೇಳಿದ, "ಸರ್ರ, ಅವರು ನೌಕರಿ ಇಲ್ಲ ಅಂದ್ರು. ಓಡಬ್ಯಾಡ ಅಂತ ಯಾರ ಅಂದಾರ್ರಿ?"

ಸತತ ಪ್ರಯತ್ನವೆಂದರೆ ಏನೆಂದು ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿಸುತ್ತೇವೆ. ಈ ಹುಡುಗನ ಮಾತು ಕೇಳಿದ ಮೇಲೆ ನನಗೆ ಅದರ ಒಳಗು ತಿಳಿಯಿತು. ಗುರಿಗಾಗಿ ಹಿಡಿದದ್ದನ್ನು ಗುರಿ ತಪ್ಪಿದ ಮೇಲೂ ಕೈಬಿಡದೆ ಇರುವುದು. ನಮ್ಮ ಜಿಲ್ಲೆಯ ಜನರಿಗೆ ಇದು ಗೊತ್ತಿರದ ವಿದ್ಯೆಯೇನಲ್ಲ. ಕಪ್ಪತಗುಡ್ಡವನ್ನೇ ನೋಡಿ. 2015ರಲ್ಲಿ ಅದಕ್ಕೆ ಸಂರಕ್ಷಿತ ಪ್ರದೇಶದ ಮಾನ್ಯತೆ ಬಂತು, 2016ರಲ್ಲಿ ಹೋಯಿತು. ಗೆದ್ದದ್ದು ಕಳೆದುಕೊಂಡ ಮೇಲೆ ಮನೆ ಸೇರಬಹುದಿತ್ತು. 2017ರಲ್ಲಿ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದಾಗಿ ಜನ ಮತ್ತೆ ಧರಣಿ ಕುಳಿತರು, ಮಾನ್ಯತೆ ತಿರುಗಿ ಬಂತು, 2019ರಲ್ಲಿ ಗುಡ್ಡ ವನ್ಯಜೀವಿ ಧಾಮವಾಯಿತು. ಸುಮಾರು 244 ಚದರ ಕಿಲೋಮೀಟರು. ಅಲ್ಲಿ ತೋಳ, ಕತ್ತೆಕಿರುಬ, ನವಿಲುಗಳಿವೆ. ಆದ್ದರಿಂದ ಓಡುವವರು ಗುಡ್ಡದ ಒಳಗೆ ನುಗ್ಗದೆ ಬುಡದ ಊರುಗಳ ದಾರಿಯಲ್ಲೇ ಓಡಬೇಕೆಂದು ಕೈಮುಗಿದು ಕೇಳುತ್ತೇನೆ.

ಕೇಳಬೇಕಾದದ್ದು ಇನ್ನೊಂದಿದೆ, ಇದು ಊರಿನ ಹಿರಿಯರಿಗೆ. ಈ ಮಕ್ಕಳು ರಸ್ತೆಯಲ್ಲಿ ಓಡುತ್ತಿರುವುದು ರಸ್ತೆ ಚೆಂದವೆಂದಲ್ಲ, ಬೇರೆ ಜಾಗ ಇಲ್ಲವೆಂದು. ಹುಬ್ಬಳ್ಳಿಯಿಂದ ಗದುಗಿನ ಮೇಲೆ ಕೊಪ್ಪಳಕ್ಕೆ ಹೋಗುವ 67ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ನಸುಕಿನಲ್ಲಿ ಲಾರಿಗಳು ಎಂಥ ವೇಗದಲ್ಲಿ ಹೋಗುತ್ತವೆ ಎಂಬುದು ನಿಮಗೆ ಗೊತ್ತು. ಪಾಸ್‌ಪೋರ್ಟಿನ ಪ್ರಕಾರ 1911ರಲ್ಲಿ ಹುಟ್ಟಿದ, ನೂರನೆಯ ವಯಸ್ಸಿನಲ್ಲಿ ಟೊರಾಂಟೊದ ಮ್ಯಾರಥಾನ್ ಮುಗಿಸಿದ ಪಂಜಾಬಿನ ಫೌಜಾ ಸಿಂಗ್ ಕೂಡ ಕೊನೆಗೆ 2025ರಲ್ಲಿ ತಮ್ಮ ಊರ ಹತ್ತಿರ ರಸ್ತೆಯಲ್ಲೇ ವಾಹನ ಬಡಿದು ತೀರಿಕೊಂಡರು. ತಾಲೂಕಿಗೊಂದು ಮೈದಾನ, ಐದು ಗಂಟೆಗೆ ತೆರೆದಿರುವ ಬಾಗಿಲು, ನಾಲ್ಕು ದೀಪ, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ. ದೊಡ್ಡ ಖರ್ಚಿನ ಕೆಲಸವಲ್ಲ. ಅಲ್ಲಿಯವರೆಗೆ ಓಡುವವರು ರಸ್ತೆಯ ಬಲಬದಿಯಲ್ಲಿ, ಎದುರಿನ ಗಾಡಿ ಕಾಣುವಂತೆ ಓಡಿ. ಬಿಳಿ ಇಲ್ಲವೇ ಹೊಳೆಯುವ ಪಟ್ಟಿಯ ಅಂಗಿ ತೊಡಿ. ಕಿವಿಯಲ್ಲಿ ಹಾಡು ಬೇಡ.

ಹೊಸದಾಗಿ ಶುರು ಮಾಡುವವರಿಗೆ ಎರಡು ಮಾತು. ವಯಸ್ಸಾದವರು, ರಕ್ತದೊತ್ತಡ, ಸಕ್ಕರೆ ಇದ್ದವರು ಮೊದಲು ಡಾಕ್ಟರರನ್ನು ಕೇಳಿ. ಉಳಿದವರು ನಾಳೆ ಎರಡು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ, ಹೀಗೆ ಇಪ್ಪತ್ತು ನಿಮಿಷ. ವಾರದಲ್ಲಿ ನಾಲ್ಕು ದಿನ ಸಾಕು. ನಡೆಯುವ ನಿಮಿಷ ತಾನಾಗಿ ಕಡಿಮೆಯಾಗುತ್ತದೆ, ನೀವು ಅವಸರ ಮಾಡಬೇಡಿ. ಏಪ್ರಿಲ್ ಮೇ ತಿಂಗಳಲ್ಲಿ ಏಳು ಗಂಟೆಗೆ ಬಿಸಿಲು ಏರುವುದರೊಳಗೆ ಮನೆ ಸೇರಿ, ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಭರ್ತಿಗೆ ತಯಾರಾಗುವ ಮಕ್ಕಳು ಅರ್ಜಿ ಕರೆಯುವುದನ್ನು ಕಾಯದೆ ಈ ವಾರವೇ ಇಳಿಯಿರಿ, ಎಲುಬಿಗೆ ಅದರ ತಿಂಗಳುಗಳನ್ನು ಕೊಡಿ. ಮತ್ತೆ, ಅಟ್ಟದ ಮೇಲೆ ಬೂಟು ಎಸೆದವರು ಈ ಮಾತು ಕೇಳುತ್ತಿದ್ದರೆ, ಅದನ್ನು ಇಳಿಸಿ ಧೂಳು ಹೊಡೆದು ಲೇಸು ನೋಡಿ. ಹರಿದಿದ್ದರೆ ಇವತ್ತು ಸಂತೆಯಲ್ಲಿ ಹೊಸದು ತನ್ನಿ.